ನಿಮ್ಮಪ್ಪ ತುಂಬಿದ ಕೊನೆಯ ಪೀಪಾಯಿ

ಶಾತೊ-ಶಾಲೋ,
ಭಾನುವಾರ, 18 ಫೆಬ್ರವರಿ 1962

ಮಗಳು ಒದೀಲಳಿಗೆ,

ನಾನು ಕ್ಷೇಮ. ನೀವಿಬ್ಬರೂ ಕ್ಷೇಮವೆಂದು ನಂಬಿದ್ದೇನೆ. ನಿನ್ನ ಕಾಗದಕ್ಕೆ ಉತ್ತರ ತಡವಾಯಿತು. ಕಾಯಿಲೆ ಎಂದುಕೊಳ್ಳಬೇಡ. ಎರಡು ಸಲ ಬರೆದೆ, ಎರಡು ಸಲವೂ ಒಲೆಗೆ ಹಾಕಿದೆ. ಬೈಗುಳವೇ ತುಂಬಿದ ಕಾಗದವನ್ನು ಅಂಚೆಗೆ ಹಾಕುವ ಅಭ್ಯಾಸ ನನಗಿಲ್ಲ. ಈಗ ಬೈಗುಳ ನಿಂತಿದೆ. ಕೋಪ ನಿಂತಿಲ್ಲ.

ಊರಿನ ಸುದ್ದಿ ಮೊದಲು ಮುಗಿಸುತ್ತೇನೆ. ಬಂಡೆಯ ಕೆಳಗಿನ ನಮ್ಮ ತೋಟದಲ್ಲಿ ಹಿಮ ಕರಗಿದೆ. ಬಳ್ಳಿ ಸವರುವ ಕೆಲಸ ಅರ್ಧ ಆಗಿದೆ. ಮಳೆಗೆ ಜಾರಿ ಬಂದ ನೀಲಿ ಜೇಡಿಮಣ್ಣನ್ನು ಬುಟ್ಟಿಯಲ್ಲಿ ಹೊತ್ತು ಮತ್ತೆ ಮೇಲಕ್ಕೆ ಹಾಕಿಸಿದ್ದೇನೆ. ಕಂದು ಹಸು ಕರು ಹಾಕಿದೆ. ಪಾದ್ರಿಗಳು ನಿನ್ನನ್ನು ಕೇಳಿದರು. ಇನ್ನು ವಿಷಯಕ್ಕೆ ಬರುತ್ತೇನೆ.

ನಿನ್ನ ಗಂಡ ಮಾಡಿದ ಕೆಲಸದ ಬಗ್ಗೆ ನಾನು ಬರೆದ ಎರಡು ಸಾಲಿನ ಕಾಗದಕ್ಕೆ ನೀನು ಬರೆದೆ: ‘ಗಾಸ್ತೋ ಒಳ್ಳೆಯ ಮನಸ್ಸಿನಿಂದಲೇ ಮಾಡಿದ್ದು, ಅಮ್ಮ. ಆ ಬೆಳಿಗ್ಗೆ ನಾನು ಚರ್ಚಿಗೆ ಹೋಗಿದ್ದೆ. ಮನೆಯಲ್ಲಿದ್ದಿದ್ದರೆ ತಡೆಯುತ್ತಿದ್ದೆ. ಹೋಗಲಿ ಬಿಡು, ಒಂದು ಪೀಪಾಯಿ ತಾನೇ.’

ಒಂದು ಪೀಪಾಯಿ ತಾನೇ. ಈ ಮಾತನ್ನು ನಾನು ಒಂದು ವಾರ ಬಾಯಲ್ಲಿಟ್ಟುಕೊಂಡು ತಿರುಗಿದ್ದೇನೆ, ನುಂಗಲಾಗಲಿಲ್ಲ.

ಕಳೆದ ತಿಂಗಳು, ದ್ರಾಕ್ಷಿ ಬೆಳೆಗಾರರ ಸಂತ ವ್ಯಾನ್ಸಾಂ ಹಬ್ಬದ ಮರುದಿನ, ಪೀಪಾಯಿ ಕಟ್ಟುವ ಫೆರ್ಯೊಲ್‌ನನ್ನು ಕರೆಸಿದೆ. ನಿಮ್ಮಪ್ಪ 1955ರ ಸುಗ್ಗಿಯಲ್ಲಿ ತುಂಬಿ, ಅದೇ ಚಳಿಗಾಲ ಕಣ್ಣು ಮುಚ್ಚಿದರಲ್ಲ, ಆ ಪೀಪಾಯಿಗೆ ನಮ್ಮ ವೈನ್ ಕಾಯಲೇಬೇಕಾದ ಆರು ವರ್ಷ ಮೂರು ತಿಂಗಳು ತುಂಬಿತ್ತು. ಅದನ್ನು ತೆರೆಯುವ ದಿನವೆಂದು ನಾನು ಭಾನುವಾರದ ಕರಿ ಉಡುಪು ಹಾಕಿಕೊಂಡೆ. ಅಕ್ರೋಟು, ಹಳೆಯ ಚೀಸ್, ಅವರ ಲೋಟ, ಎಲ್ಲವನ್ನೂ ತಟ್ಟೆಯಲ್ಲಿಟ್ಟುಕೊಂಡು ನೆಲಮಾಳಿಗೆಗೆ ಇಳಿದೆ. ಫೆರ್ಯೊಲ್ ನೋಡಿ, “ಏನಕ್ಕಾ, ಮದುವೆಗೆ ಹೊರಟ ಹಾಗಿದೀಯ. ಗಂಡು ನಾನಲ್ಲ ತಾನೇ?” ಅಂದ.

“ನಿನ್ನ ಮೂತಿಗೆ ಇಷ್ಟು ಇಸ್ತ್ರಿ ದಂಡ. ಕೆಲಸ ನೋಡು,” ಅಂದೆ.

ಅವನು ಅಭ್ಯಾಸದಂತೆ ಬೆರಳ ಗೆಣ್ಣಿನಿಂದ ಪೀಪಾಯಿಯ ಮುಖವನ್ನು ಕೆಳಗಿನಿಂದ ಮೇಲಕ್ಕೆ ತಟ್ಟುತ್ತ ಬಂದ. ವೈನ್ ಆವಿಯಾಗಿ ಖಾಲಿಯಾದ ಮೇಲಿನ ಭಾಗದಲ್ಲಿ ಟೊಳ್ಳು ಸದ್ದು ಬರಬೇಕಿತ್ತು. ಬರಲಿಲ್ಲ. ಮತ್ತೆ ತಟ್ಟಿದ. ಅವನ ನಗು ಆರಿಹೋಯಿತು.

“ಅಕ್ಕಾ, ಇದು ತುಂಬಿದೆ.”

“ಹುಚ್ಚಾ ನಿನಗೆ?”

“ಕಂಠದ ತನಕ ತುಂಬಿದೆ. ನೀನೇ ತಟ್ಟು.”

ತಟ್ಟಿದೆ. ಲೋಟಕ್ಕೆ ಬಗ್ಗಿಸಿದ್ದು ಹೊನ್ನಿನ ಬಣ್ಣ ಹೋಗಿ ಒಣಹುಲ್ಲಿನ ತಿಳಿ ಬಣ್ಣಕ್ಕೆ ತಿರುಗಿತ್ತು. ಅಕ್ರೋಟಿನ ಪರಿಮಳ ಎಲ್ಲೋ ಅಡಿಯಲ್ಲಿತ್ತು, ಅದರ ಮೇಲೆ ಯಾರದೋ ಮನೆಯ ಬೆಣ್ಣೆ, ಯಾರದೋ ಮನೆಯ ಸೇಬು. ಆಗ ನನಗೆ ಅಳಿಯಂದಿರ ಮಾತು ನೆನಪಾಯಿತು. ಕ್ರಿಸ್‌ಮಸ್ ಮುಗಿಸಿ ಕಾರು ಹತ್ತುವಾಗ, “ಅತ್ತೆ, ನಿಮ್ಮ ಮೂಲೆಯ ಪೀಪಾಯಿಗೆ ಪಾಪ ಬಾಯಾರಿತ್ತು. ನಿಮಗೊಂದು ಕೆಲಸ ಕಡಿಮೆ ಮಾಡಿದೀನಿ. ಥ್ಯಾಂಕ್ಸ್ ಎಲ್ಲ ಬೇಡ,” ಅಂದಿದ್ದರು. ಅವರು ಹೇಳಿದ್ದು ನೆಲಮಾಳಿಗೆಯ ಮೂಲೆ, ನಾನು ತಿಳಿದದ್ದು ಕೊಟ್ಟಿಗೆಯ ಮೂಲೆಯಲ್ಲಿರುವ ಹಸುವಿನ ನೀರಿನ ಪೀಪಾಯಿ. ಅದಕ್ಕೆ ನೀರು ತುಂಬಿದ್ದಾರೆಂದುಕೊಂಡು ನಾನು ಮೆಚ್ಚಿದ್ದೆ. ಅವರು ಉಡುಗೊರೆಯಾಗಿ ತಂದ, ತಮ್ಮ ಬರ್ಗಂಡಿಯ ಮ್ಯೂರ್ಸೊ ವೈನಿನ ಪುಟ್ಟ ಪೀಪಾಯಿ ಬರಿದಾಗಿದ್ದಕ್ಕೆ ಅಲ್ಲಿಯವರೆಗೂ ಫೆರ್ಯೊಲ್‌ನನ್ನು ಕುಡುಕ ಎಂದು ಬೈದಿದ್ದೆ. ಅವನ ಹತ್ತಿರ ಕ್ಷಮೆ ಕೇಳಬೇಕಾಯಿತು. ನಾನು, ಫೆರ್ಯೊಲ್ ಹತ್ತಿರ.

ಮುಂದಿನದನ್ನು ನಿನ್ನ ಯಜಮಾನರಿಗೆ ಗಟ್ಟಿಯಾಗಿ ಓದಿ ಹೇಳು.

ಬರ್ಗಂಡಿಯಲ್ಲಿ ವಾರವಾರವೂ ಪೀಪಾಯಿ ತುಂಬಿಸುತ್ತೀರಿ. ಗಾಳಿ ತಾಗಿದರೆ ನಿಮ್ಮ ವೈನ್ ಕೆಡುತ್ತದೆ. ಅದು ನಿಮ್ಮ ಮಣ್ಣಿನ ಗುಣ, ನಿಮ್ಮ ದ್ರಾಕ್ಷಿಯ ಗುಣ, ನಾನು ಹಳಿಯುವುದಿಲ್ಲ. ಆದರೆ ನಿಮ್ಮ ಬಯಲು ದಾಟಿ ಈ ಬೆಟ್ಟ ಹತ್ತಿದ ಮೇಲೆ ಮಣ್ಣು ಬೇರೆ, ದ್ರಾಕ್ಷಿ ಬೇರೆ, ನಿಯಮ ಬೇರೆ. ಇಲ್ಲಿ ನಮ್ಮ ಸಾವಾನ್ಯಾಂ ದ್ರಾಕ್ಷಿಯನ್ನು ಎಲ್ಲರ ಸುಗ್ಗಿ ಮುಗಿದ ಮೇಲೆ, ಮಂಜು ಬೀಳುವಾಗ ಕೊಯ್ಯುತ್ತೇವೆ. ಪೀಪಾಯಿಗೆ ಹಾಕಿದ ಮೇಲೆ ಮುಟ್ಟುವುದಿಲ್ಲ. ಆರಿದಷ್ಟು ಆರಲಿ. ಖಾಲಿಯಾದ ಜಾಗದಲ್ಲಿ ವೈನಿನ ಮೇಲೆ ಹಾಲಿನ ಕೆನೆಯಂತೆ ಒಂದು ಪೊರೆ ಕಟ್ಟುತ್ತದೆ. ಅದರ ಕೆಳಗೇ ನಮ್ಮ ಹಳದಿ ವೈನ್ ಆಗುವುದು. ಒಂದು ಲೀಟರ್ ಹಾಕಿದರೆ ಕೊನೆಗೆ ಎಷ್ಟು ಉಳಿಯುತ್ತದೋ ನಮ್ಮ ಬಾಟಲಿಯ ಅಳತೆಯೂ ಅಷ್ಟೇ. ಕಳೆದುಕೊಂಡದ್ದನ್ನು ನಾವು ಅಳತೆಯಲ್ಲೇ ಒಪ್ಪಿಕೊಂಡಿದ್ದೇವೆ. ಊರಿನ ಹಳೆಯ ಮಠದ ಸನ್ಯಾಸಿನಿಯರ ಕಾಲದಿಂದ ಇದ್ದ ಬಳ್ಳಿಗಳನ್ನು ಬೇರಿನ ಹೇನು ತಿಂದು ಹಾಕಿದಾಗ ನನ್ನ ಅಜ್ಜ ಅಮೆರಿಕದ ಬೇರಿಗೆ ಕಸಿ ಕಟ್ಟಿ ಮತ್ತೆ ನೆಟ್ಟರು. ಆಗಲೂ ಈ ಒಂದು ಕ್ರಮ ಬದಲಾಗಲಿಲ್ಲ. ನಾನು ವಿಧವೆಯಾಗಿ, ಕೈಲಾಗದೆ ಪೀಪಾಯಿಯನ್ನು ಅರೆಹೊಟ್ಟೆಯಲ್ಲಿ ಇಟ್ಟಿರಲಿಲ್ಲ.

ಕೇಳಬಹುದಿತ್ತು. ಅಡುಗೆಮನೆಯಿಂದ ನೆಲಮಾಳಿಗೆಗೆ ಒಂದು ಏಣಿ ಅಷ್ಟೇ ದೂರ. “ಅತ್ತೆ, ಇದು ಯಾಕೆ ಹೀಗಿದೆ?” ಎಂದು ಕೂಗಿದ್ದರೆ ನಾನು ಕೈಯಲ್ಲಿದ್ದ ಸೌಟು ಬಿಟ್ಟು ಬರುತ್ತಿದ್ದೆ.

ಓದುವುದು ಇಲ್ಲಿಗೆ ನಿಲ್ಲಿಸು. ಉಳಿದದ್ದು ನಿನಗೆ.

ಫೆರ್ಯೊಲ್ ಒಂದು ದಾರಿ ಹೇಳಿದ. “ಮೇಲಿಂದ ಒಂದಿಷ್ಟು ತೆಗೆದು ಸುಮ್ನೆ ಬಿಡು ಅಕ್ಕಾ. ಇನ್ನೊಂದೆರಡು ವರ್ಷಕ್ಕೆ ಪೊರೆ ಮತ್ತೆ ಕಟ್ಟುತ್ತೆ. ಯಾರಿಗೆ ಗೊತ್ತಾಗುತ್ತೆ?”

“ನನಗೆ,” ಅಂದೆ.

“ನೀನೇನು ಯಾರ ಹತ್ರಾನಾದ್ರೂ ಹೇಳ್ತೀಯಾ?”

“ನೀನು ಇಲ್ಲಿ ಕುಳಿತು ಈ ಪ್ರಶ್ನೆ ಕೇಳಿದ್ದನ್ನೂ ಹೇಳ್ತೀನಿ.”

ಹೇಳಿಯೂ ಬಂದೆ. ಹಣ್ಣು ಚೆನ್ನಾಗಿ ಬಾರದ ವರ್ಷ ಊರಿನವರೆಲ್ಲ ಸೇರಿ, ಈ ಸಲ ನಮ್ಮೂರ ಹೆಸರಿನಲ್ಲಿ ಒಂದು ಬಾಟಲಿಯೂ ಬೇಡ ಎಂದು ತೀರ್ಮಾನಿಸುವ ಊರು ಇದು. ನಿಮ್ಮಪ್ಪ ಆ ಸಭೆಯಲ್ಲಿ ಮೊದಲು ಕೈ ಎತ್ತುತ್ತಿದ್ದವರು. ಅವರ ಪೀಪಾಯಿಗೆ ಬೇರೆ ಊರಿನ, ಬೇರೆ ದ್ರಾಕ್ಷಿಯ ವೈನ್ ಬೆರೆತ ಮೇಲೆ ಅದು ಶಾತೊ-ಶಾಲೋ ಅಲ್ಲ. ಹಿರಿಯರ ಮುಂದೆ ನಿಂತು ಹಾಗೆಂದು ಹೇಳಿದೆ. ಯಾರೂ ನಗಲಿಲ್ಲ. ನಕ್ಕಿದ್ದರೆ ಒಳ್ಳೆಯದಿತ್ತು, ಹೆಣದ ಮುಂದೆ ನಿಂತ ಹಾಗೆ ಇಬ್ಬರು ಟೋಪಿ ತೆಗೆದರು.

ಪೀಪಾಯಿಯನ್ನು ವಿನೆಗರ್‌ಗೆ ಕೊಟ್ಟಿದ್ದೇನೆ. ಅದರಿಂದ ಒಂದು ಲೋಟವನ್ನೂ ನಾನು ಕುಡಿಯಲಿಲ್ಲ. ಆರು ವರ್ಷದಿಂದ ಕಾದಿದ್ದು ಒಂದು ಲೋಟಕ್ಕೆ.

ಈ ಈಸ್ಟರ್‌ಗೆ ನೆಲಮಾಳಿಗೆಯ ಕೀಲಿಕೈಯನ್ನು ನಿನಗೂ ಗಾಸ್ತೋಗೂ ಒಪ್ಪಿಸಬೇಕೆಂದಿದ್ದೆ. ನಿಮ್ಮಪ್ಪನ ಮೊದಲ ಬಾಟಲಿಯನ್ನು ಮೇಜಿನ ಮೇಲಿಟ್ಟು, ಅದರ ಪಕ್ಕದಲ್ಲಿ ಕೀಲಿಕೈ ಇಟ್ಟು ಕೊಡಬೇಕೆಂದಿದ್ದೆ. ಈಸ್ಟರ್‌ಗೆ ಬನ್ನಿ. ಮಗಳಿಗೂ ಅಳಿಯಂದಿರಿಗೂ ನನ್ನ ಮನೆಯಲ್ಲಿ ಊಟ ಯಾವತ್ತೂ ಇರುತ್ತದೆ. ಕೋಳಿ ಮಾಡುತ್ತೇನೆ, ಅಣಬೆ ಒಣಗಿಸಿಟ್ಟಿದ್ದೇನೆ. ಕೀಲಿಕೈ ನನ್ನ ಸೊಂಟದಲ್ಲಿರುತ್ತದೆ.

ದೇವರು ನಿನ್ನನ್ನು ಚೆನ್ನಾಗಿಟ್ಟಿರಲಿ. ನಿನ್ನ ಮನೆಯ ಒಲೆ ಆರದಿರಲಿ. ಚಳಿ ಇನ್ನೂ ಇದೆ, ಉಣ್ಣೆಯ ಕಾಲುಚೀಲ ಬಿಡಬೇಡ.

ನಿನ್ನ ತಾಯಿ,
ಲಿಯೋಂತಿನ್ ವುಯ್ಮಾ

ಕೊನೆಯ ಮಾತು: ಇದನ್ನು ಬರೆಯಬಾರದೆಂದಿದ್ದೆ. ವಿನೆಗರ್‌ನವನ ಗಾಡಿಗೆ ಏರಿಸುವ ಮೊದಲು ಪೀಪಾಯಿಯ ಬಿರಡೆಯನ್ನು ನಾನೇ ಕಿತ್ತೆ. ಬಿರಡೆಗೆ ಸುತ್ತಿದ ಬಟ್ಟೆ ಹೊಸದು, ನಿನ್ನ ಮದುವೆಗೆ ನಾನು ಹೊಲಿದುಕೊಟ್ಟ ನೀಲಿ ಅಂಚಿನ ಕರವಸ್ತ್ರದ ಪಟ್ಟಿ. ಸುತ್ತು ಮಾತ್ರ ನಿಮ್ಮಪ್ಪನದು, ಎಡಗೈಯವನ ಸುತ್ತು, ತುದಿಯನ್ನು ಒಳಗೆ ಮಡಚಿದ್ದು. ನನಗದು ಕೊನೆಗೂ ಬರಲಿಲ್ಲ. ಗಾಸ್ತೋ ಅದನ್ನು ನೋಡಿಯೇ ಇಲ್ಲ. ಚಿಕ್ಕವಳಾಗಿದ್ದಾಗ ಪೀಪಾಯಿಯ ಮೇಲೆ ಕುಳಿತು ಅವರಿಂದ ಕಲಿತವಳು ನೀನೊಬ್ಬಳೇ. ಆ ಬೆಳಿಗ್ಗೆ ನೀನು ಚರ್ಚಿನಲ್ಲಿರಲಿಲ್ಲ, ಒದೀಲ್. ನೀನು ಗಂಡನ ಪಕ್ಕದಲ್ಲಿ ನಿಂತು, ಸುರಿಯುವುದನ್ನು ಕೊನೆಯ ತನಕ ನೋಡಿದೆ. ಆಮೇಲೆ ಅಪ್ಪ ಕಲಿಸಿದ ಹಾಗೆ, ನೀನೇ ಅಷ್ಟು ಜೋಪಾನವಾಗಿ ಮುಚ್ಚಿದೆ. ಸುರಿಯುವ ಮೊದಲು ಒಂದು ಮಾತು ಆಡಬಹುದಿತ್ತು.