ಮುಖ ಕಪ್ಪಿಟ್ಟಿದೆ

ಭಾನುವಾರ, ಮಧ್ಯಾಹ್ನ

ನನ್ನ ಡಾಕ್ಟರಮ್ಮನಿಗೆ ಅಮ್ಮನ ಮುದ್ದು, ಆಶೀರ್ವಾದ.

ನಿನ್ನ ಕಾಗದ ತಲುಪಿತು. ಕೀಲುರೋಗದ ವಿಭಾಗದಲ್ಲಿ ಇನ್ನು ನೀನೇ ಪಾಠ ಮಾಡುತ್ತೀಯ ಎಂದು ಓದಿ ಹಿಗ್ಗಿಹೋದೆ. ಪಕ್ಕದ ಮನೆಯವಳಿಗೆ ಹೇಳಿ ಹೇಳಿ ಅವಳ ತಲೆ ತಿಂದೆ. ಅಷ್ಟೊಂದು ಡಾಕ್ಟರುಗಳ ನಡುವೆ ನಮ್ಮ ಬಣ್ಣದವಳು ನೀನೊಬ್ಬಳೇ ಎಂದು ಬರೆದಿದ್ದೀಯಲ್ಲ, ಅದನ್ನು ಮಾತ್ರ ಹೇಳಲಿಲ್ಲ. ಊಟದ ಹೊತ್ತಿಗೆ ನಿನ್ನ ಪಕ್ಕದಲ್ಲಿ ಯಾರಾದರೂ ಕೂರುತ್ತಾರಾ? ಅಂಥದ್ದನ್ನೆಲ್ಲ ನೀನು ಬರೆಯುವವಳಲ್ಲ.

ಈಗ ನೀನು ಕೇಳಿದ ವಿಷಯ. ಲೂಪಸ್ ರೋಗದ ಪಾಠದಲ್ಲಿರುವ ಮುಖಗಳೆಲ್ಲ ಬಿಳಿಯವು, ಕೆನ್ನೆಯ ಮೇಲೆ ಕೆಂಪು ಕಲೆ. ನಮ್ಮಂಥವರ ಚರ್ಮದ ಮೇಲೆ ಅದು ಹೇಗೆ ಕಾಣುತ್ತದೆ ಎನ್ನುವುದಕ್ಕೆ ಒಂದೂ ಚಿತ್ರವಿಲ್ಲ, ಅದಕ್ಕೇ ತಂಗಿಯ ಫೋಟೊ ಕಳಿಸು ಎಂದಿದ್ದೀಯ. ಓದಿ ಮೈಯೆಲ್ಲ ಉರಿಯಿತು. ನಮ್ಮ ಬಾಯಿಬಡುಕಿಯನ್ನು ಗೋಡೆಯಷ್ಟು ದೊಡ್ಡದು ಮಾಡಿ, ಕೋಲು ಹಿಡಿದು ಕೆನ್ನೆ ತೋರಿಸುತ್ತೀಯಾ? ಅವಳಿದ್ದಿದ್ದರೆ ಕೋಲು ಕಿತ್ತುಕೊಂಡು ನಿನಗೇ ಪಾಠ ಮಾಡುತ್ತಿದ್ದಳು.

ಆಗ ನೀನು ಹಾಸ್ಟೆಲಿನಲ್ಲಿದ್ದೆ, ನಿನಗೆ ಪೂರ್ತಿ ಹೇಳಿಲ್ಲ. ಅವಳಿಗೆ ಬೆರಳು ಮಡಚಲು ಆಗುತ್ತಿರಲಿಲ್ಲ. ಅಷ್ಟು ದೊಡ್ಡ ಹುಡುಗಿಗೆ ನಾನೇ ಜಡೆ ಹೆಣೆದು ಶಾಲೆಗೆ ಕಳಿಸುತ್ತಿದ್ದೆ. ಮೂಗು, ಕೆನ್ನೆಯ ಮೇಲೆಲ್ಲ ಮಸಿ ಸವರಿದ ಹಾಗೆ ಆಗಿತ್ತು. ನಾನು ಬಿಸಿಲಿಗೆ ಇರಬೇಕು ಅಂದುಕೊಂಡಿದ್ದೆ. ಈ ದೇಶದ ಡಾಕ್ಟರಿಗೆ ನಮ್ಮ ಮಾತು ಬಾರದು, ಆಸ್ಪತ್ರೆಯಲ್ಲಿ ಮನೆಯವರು ಭಾಷಾಂತರ ಮಾಡುವಂತಿಲ್ಲವಂತೆ. ಫೋನಿನಲ್ಲಿ ಒಬ್ಬಳು ದುಭಾಷಿಯನ್ನು ಕೊಟ್ಟರು. ಮಗಳ ಮುಖ ಕಪ್ಪಿಟ್ಟಿದೆ ಎಂದೆ. ನೊಂದವರಿಗೂ ನಾವು ಹಾಗೇ ಅನ್ನುತ್ತೇವಲ್ಲ, ಆ ದುಭಾಷಿ, ಹುಡುಗಿ ತುಂಬಾ ಬೇಸರದಲ್ಲಿದ್ದಾಳೆ ಎಂದು ಡಾಕ್ಟರಿಗೆ ಹೇಳಿಬಿಟ್ಟಳು. ಎಲ್ಲೋ ಕೂತವಳಿಗೆ ಇವಳ ಮುಖ ಹೇಗೆ ಕಾಣಬೇಕು!

ನಮ್ಮವಳು ನಕ್ಕುಬಿಟ್ಟಳು. ಬೇಸರವಲ್ಲ, ಬಣ್ಣ ಎಂದು ತಾನೇ ತಿದ್ದಿದಳು. ಡಾಕ್ಟರು ಬಗ್ಗಿ ನೋಡಿ, ಎಲ್ಲೂ ಕೆಂಪಾಗಿಲ್ಲವಲ್ಲ ಎಂದರು. ಬೇಸರಕ್ಕೇ ಮಾತ್ರೆ ಬರೆದರು. ಕೆಟ್ಟ ಮನುಷ್ಯನಲ್ಲ ಕಣೇ, ಹೊರಡುವಾಗ ಬಾಗಿಲು ಹಿಡಿದು ನಿಂತಿದ್ದರು. ಅವರಿಗೆ ಕಲಿಸಿದ್ದು ಕೆಂಪು, ಅವರು ಹುಡುಕಿದ್ದೂ ಕೆಂಪನ್ನೇ. ಮೂತ್ರಪಿಂಡ ಕೈಕೊಟ್ಟ ಮೇಲೆ ಬೇರೆ ಆಸ್ಪತ್ರೆಯಲ್ಲಿ ಇದು ಲೂಪಸ್ ಎಂದು ಗೊತ್ತಾಯಿತು. ಅಲ್ಲಿಂದ ಅವಳು ಮನೆಗೆ ಬರಲಿಲ್ಲ. ಇವತ್ತಿಗೂ ಬಾಚಣಿಗೆ ಹಿಡಿದರೆ ನನಗೆ ಅಳು ಬರುತ್ತದೆ.

ಆ ದಿನಗಳ ಫೋಟೊ ನನ್ನ ಹತ್ತಿರ ಒಂದೂ ಇಲ್ಲ. ನೀನು ಬೇರೆ ಯಾರನ್ನಾದರೂ ಕೇಳು. ನಿನ್ನ ಮೇಲೆ ಕೋಪವಿಲ್ಲ. ಹೊತ್ತಿಗೆ ಸರಿಯಾಗಿ ಊಟ ಮಾಡು, ನಿಂತುಕೊಂಡೇ ತಿನ್ನಬೇಡ.

ಇಲ್ಲಿಗೆ ಬೇಗ ಬಾ ಎನ್ನುತ್ತಾ,
ನಿನ್ನ ಅಮ್ಮ

ತಾ.ಕ.: ಫೋಟೊ ಇಲ್ಲ ಎಂದದ್ದು ಸುಳ್ಳು. ಇದೇ ಲಕೋಟೆಯಲ್ಲಿ ಇಟ್ಟಿದ್ದೇನೆ. ಆ ಡಾಕ್ಟರಿಗೆ ಮತ್ತೊಮ್ಮೆ ತೋರಿಸಲೆಂದೇ ಅಡುಗೆಮನೆಯ ಕಿಟಕಿಯ ಹತ್ತಿರ ನಿಲ್ಲಿಸಿ ತೆಗೆದದ್ದು. ಬೆಳಕು ಸರಿಯಿಲ್ಲ ಎಂದು ಅವರು ವಾಪಸು ಕೊಟ್ಟಿದ್ದರು. ನಿನ್ನ ಪುಸ್ತಕಗಳಲ್ಲಿ ರೋಗಿಗಳ ಕಣ್ಣಿನ ಮೇಲೆ ಕಪ್ಪು ಪಟ್ಟಿ ಎಳೆದಿರುತ್ತಾರಲ್ಲ, ಇವಳಿಗೆ ಎಳೆಯಬೇಡ. ನಿನ್ನ ಕ್ಲಾಸಿನ ಹುಡುಗರು ಮೊದಲು ಅವಳನ್ನು ನೋಡಲಿ, ಆಮೇಲೆ ಕೆನ್ನೆ ನೋಡಲಿ.