ಸೂಜಿಯನ್ನು ಪಕ್ಕದಿಂದ ನೋಡಿದ ದಿನ

ಕುರುಗೋಡಿನ ನಾಟಕದ ಮಾಸ್ತರಿಗೆ, ಸೇನಾಪತಿ ಪಾರ್ಟು ಮಾಡುತ್ತಿದ್ದ ನಿಮ್ಮ ಶಿಷ್ಯ ಬಳ್ಳಾರಿಯಿಂದ ಬರೆಯುವುದು.

ಸಿರುಗುಪ್ಪದಲ್ಲಿ ಕ್ಯಾಂಪು ಹಾಕಿದ್ದಾಗಿನ ಆ ತಾಲೀಮು ನೆನಪಿದೆಯೇ? ನನ್ನ ಕೈಯಿಂದ ಕತ್ತಿ ಕಿತ್ತು ಬೇರೆಯವನಿಗೆ ಕೊಟ್ಟು, ನನ್ನನ್ನು ಮುಂದಿನ ಚಾಪೆಯ ಮೇಲೆ ಕೂರಿಸಿದಿರಿ. ಅವನು ರಾಜನಿಗೆ ಚುಚ್ಚಿದ.

"ಎಲ್ಲಿಗೆ ಬಿತ್ತಲೇ ಕತ್ತಿ?"

"ಎದಿಗೇ ಬಿತ್ತರಿ."

ಮತ್ತೆ ಚುಚ್ಚಿಸಿ, ಪರದೆಯ ಪಕ್ಕಕ್ಕೆ ನನ್ನನ್ನು ಎಳೆದೊಯ್ದು ತೋರಿಸಿದಿರಿ. ಕತ್ತಿ ರಾಜನ ಮೈಗೆ ತಾಗದೆ, ಹಿಂದೆ ಒಂದು ಗೇಣು ಸರಿದು ಹೋಗಿತ್ತು. "ಮುಂದ ಕುಂತಾವ್ಗ ಎಡ ಬಲ ಕಾಣ್ತಾವ, ಹಿಂದ ಮುಂದ ಕಾಣಂಗಿಲ್ಲ. ಅದಕ್ಕ ನಮ್ಮ ಹೊಟ್ಟಿ ತುಂಬೋದು" ಎಂದು ನಕ್ಕಿರಿ.

ನಾಟಕ ಕಂಪನಿ ಮುಚ್ಚಿದ ಮೇಲೆ ನಾನು ಗಾಂಧಿನಗರದ ದವಾಖಾನೆಯೊಂದರಲ್ಲಿ ಎಕ್ಸ್‌ರೇ ತೆಗೆಯಲು ಸೇರಿದೆನಲ್ಲ, ಒಂದು ದಿನ ನೋಡಲು ಬಂದಿರಿ. ಎದೆಯ ಫಿಲ್ಮೊಂದನ್ನು ಕಿಟಕಿಯ ಬೆಳಕಿಗೆ ಹಿಡಿದು, "ಇದೇನಲೇ, ಪಕ್ಕೆಲುಬು, ಬೆನ್ನೆಲುಬು, ಎಲ್ಲಾ ಒಂದ ಪರದಿ ಮ್ಯಾಲ ಬಂದು ನಿಂತಾವ" ಎಂದಿರಿ. ನಾನು ನಕ್ಕೆ. ಆ ಮಾತಿನ ತೂಕ ಆಗ ನನಗೆಲ್ಲಿ ತಿಳಿಯಬೇಕು...

ನೀವು ತೀರಿಕೊಂಡ ಮರುವರ್ಷ, ಭತ್ತದ ನಾಟಿ ಶುರುವಾಗುವ ವಾರ, ಸಿರುಗುಪ್ಪದ ಕಡೆಯ ಕರೂರಿನಿಂದ ಹುಲಿಗೆಮ್ಮ ಎಂಬಾಕೆ ಬಂದಳು. ಕೌದಿ ಹೊಲಿಯುವಾಗ ಸೂಜಿ ಮುರಿದು ಬಲಗೈಯೊಳಗೆ ಉಳಿದಿತ್ತು. ಮನೆ ನಡೆಯುತ್ತಿದ್ದುದೇ ಆ ಕೈಯ ಕೂಲಿಯಿಂದ. ಫಿಲ್ಮಿನಲ್ಲಿ ಸೂಜಿ ಹೆಬ್ಬೆರಳ ಬುಡದ ಹತ್ತಿರ ಸ್ಪಷ್ಟವಾಗಿ ಕಂಡಿತು. ಡಾಕ್ಟರು ಅಂಗೈ ಮೇಲೆ ಶಾಯಿಯಿಂದ ಗೆರೆ ಎಳೆದರು. ಅಲ್ಲಿ ಕೊಯ್ದರೆ ಬೆರಳು ಮಡಚುವ ನರಗಳ ನಡುವೆಯೇ ಹುಡುಕಬೇಕು. ಒಂದು ನರ ತುಂಡಾದರೂ ಆಕೆ ಸಸಿ ಹಿಡಿಯುವುದು ಹೇಗೆ?

"ಸಾಹೇಬ್ರ, ಪಕ್ಕದಿಂದ ಇನ್ನೊಂದು ತೆಗಿತೀನ್ರಿ" ಅಂದೆ. ನನ್ನ ದನಿ ನಿಮಗೆ ಗೊತ್ತಲ್ಲ, ವರಾಂಡದಲ್ಲಿ ಕೂತವರೆಲ್ಲ ತಿರುಗಿ ನೋಡಿದರು.

"ಫಿಲ್ಮ್ ಕಡಿಮಿ ಅದಾವ. ಸೂಜಿ ಕಾಣಾಕತ್ತೈತಲ್ಲ, ಇನ್ನೇನು ಬೇಕು ನಿನಗ?"

"ಎಷ್ಟು ಆಳದಾಗ ಐತಿ ಅಂತ ಕಾಣವಲ್ದುರಿ."

ಹುಲಿಗೆಮ್ಮ ನನ್ನ ಕಡೆ ತಿರುಗಿದಳು. "ಯಣ್ಣಾ, ಸಣ್ಣಗ ಮಾತಾಡು. ಸೂಜಿ ಬೆದರಿ ಇನ್ನೂ ಒಳಗ ಹೋದೀತು."

ಡಾಕ್ಟರೇ ನಕ್ಕುಬಿಟ್ಟರು. "ತಗಿ ಮಾರಾಯ, ಒಂದ ತಗಿ."

ಅವಳ ಕೈಯನ್ನು ಕಿರುಬೆರಳ ಅಂಚಿನ ಮೇಲೆ ನಿಲ್ಲಿಸಿ ತೆಗೆದೆ. ಫಿಲ್ಮ್ ಒಣಗುವ ತನಕ ಕಾಯಲಿಲ್ಲ, ನೀರು ತೊಟ್ಟಿಕ್ಕುತ್ತಿದ್ದಂತೆಯೇ ಡಾಕ್ಟರ ಮುಂದೆ ಹಿಡಿದೆ. ಸೂಜಿ ಅಂಗೈ ಕಡೆ ಇರಲೇ ಇಲ್ಲ, ಮಾಸ್ತರ. ಕೈಯ ಹಿಂಬದಿಯಲ್ಲಿ, ಚರ್ಮದ ಕೆಳಗೇ, ಅಕ್ಕಿಕಾಳಿನಷ್ಟು ಆಳದಲ್ಲಿ... ಡಾಕ್ಟರು ಅಂಗೈಯ ಗೆರೆಯನ್ನು ಸ್ಪಿರಿಟ್ಟಿನಿಂದ ತಾವೇ ಒರೆಸಿದರು. ಕೈ ಮಗುಚಿ, ಸಣ್ಣಗೆ ಕೊಯ್ದು ಸೂಜಿ ತೆಗೆದರು.

ನಾಟಿ ಮುಗಿದ ಮೇಲೆ ಅವಳು ಸಿರುಗುಪ್ಪದ ಬಸ್ಸು ಹಿಡಿದು ಮತ್ತೆ ಬಂದಿದ್ದಳು. ನಿಮಗೆ ಹೇಳಬೇಕೆಂದು ಕಾಯ್ದಿಟ್ಟ ಸುದ್ದಿ ಇದು. "ಹೆಂಗೈತವ್ವ ಕೈ?" ಎಂದೆ. ಆ ಬಲಗೈಯಿಂದ ನನ್ನ ಮಣಿಕಟ್ಟು ಹಿಡಿದು ಹಿಂಡಿದಳು. ರಂಗದ ಮೇಲೆ ಎಷ್ಟೋ ಸಲ ನೋವು ನಟಿಸಿದ್ದೇನೆ, ಮಾಸ್ತರ. ಅವತ್ತು ನಿಜವಾಗಿ ಕೂಗಿದೆ.