ಮೂರನೇ ಹಾಡಿನ ಮೌನ

ಅಕ್ಕ,

ನೀನು ಹೋದ ಮೇಲೆ ಬಂದ ಆಲ್ಬಮ್‌ಗೆ ಇಪ್ಪತ್ತು ವರ್ಷವಾಯಿತೆಂದು ಇವತ್ತು ಸಭೆ ಮಾಡಿದರು. ನೀನು ಬದುಕಿದ್ದಾಗ ನಿನ್ನ ಬ್ಲೂಸ್ ರಾಕ್ ಹಾಡಿಕೆಯನ್ನು 'ಗಂಟಲು ಹರಿದುಕೊಳ್ಳುವ ಕಸುಬು' ಎಂದು ಬರೆದಿದ್ದ ವಿಮರ್ಶಕನೇ ಮುಖ್ಯ ಅತಿಥಿ. ನಾಚಿಕೆಯೆಂಬುದು ಅವನಿಗೆ ಆಗಲೂ ಇರಲಿಲ್ಲ, ಈಗಲೂ ಇಲ್ಲ. ಮೂರನೇ ಹಾಡಿನ ನಡುವೆ ನೀನು ತುಸು ಹೊತ್ತು ಸುಮ್ಮನಾಗುತ್ತೀಯಲ್ಲ, ಅವನ ಭಾಷಣದ ಪ್ರಕಾರ ಅದು ಸಾವಿನ ಮುನ್ಸೂಚನೆಯಂತೆ! ಆಗ ಹುಟ್ಟಿಯೇ ಇರದ ಹುಡುಗಿಯರಿಗೆಲ್ಲ ಆ ಹಾಡು ಬಾಯಿಪಾಠ. ಪಾಪ, ಅವರೂ ನಂಬಿ ಕಣ್ಣೊರೆಸಿಕೊಂಡರು.

ನನ್ನ ಪಕ್ಕದಲ್ಲಿ ಕೂತಿದ್ದವನು, ಆ ಹಾಡನ್ನು ರೆಕಾರ್ಡ್ ಮಾಡಿದ ಮುದುಕ, ಕಿಸಕ್ಕನೆ ನಕ್ಕ.

"ಸಾವೂ ಇಲ್ಲ, ಮಣ್ಣೂ ಇಲ್ಲ ಸಾರ್. 'ನನ್ನ ತಮ್ಮನ್ನ ಕರೆದಿದೀನಿ' ಅಂತ ಬೆಳಿಗ್ಗೆಯಿಂದ ಬಾಗಿಲೇ ನೋಡ್ತಿದ್ರು. ಬಾಗಿಲು ಸದ್ದಾಯ್ತು, ಹಾಡೋದು ಬಿಟ್ಟು 'ಬಂದ್ನೇನ್ರೋ?' ಅಂದ್ರು. ನೋಡಿದ್ರೆ ಟೀಯವನು! ಆ ಮಾತು ನಾನೇ ಅಳಿಸ್ಬಿಟ್ಟೆ, ಜಾಗ ಹಾಗೇ ಉಳೀತು."

"ತಮ್ಮ ಬಂದ್ನಾ?" ಎಂದೆ.

"ಎಲ್ಲಿ ಬಂದ, ದೊಡ್ಡ ಮನುಷ್ಯ!"

ನಾನು ಯಾರೆಂದು ಅವನಿಗೆ ಹೇಳಲಿಲ್ಲ. ಅಂದು ವಿಮರ್ಶಕನ ಆ ಲೇಖನವನ್ನು ಕತ್ತರಿಸಿ, 'ಕಸುಬು' ಎಂಬ ಪದದಡಿ ಕೆಂಪು ಗೆರೆ ಎಳೆದು ನಿನಗೆ ಅಂಚೆಯಲ್ಲಿ ಕಳಿಸಿದ್ದು ನಾನೇ ಎಂದು ನಿನಗೆ ಗೊತ್ತಿತ್ತು.

ಆದರೂ ಕರೆದೆಯಲ್ಲ.